ಅಕ್ಕರೆಯ ಗುರುತು

ನಮ್ಮ ಬೋಂಡನಿಗೆ ನನ್ನ ಮೇಲೆ ಅಕ್ಕರೆಯಿಲ್ಲ ಎಂಬುದನ್ನು ನನಗೆ ಮೊದಲು ತಿಳಿಸಿದ್ದು ನನ್ನ ಫೋನು. ಬೆಳಿಗ್ಗೆ ಎದ್ದು ಅವನನ್ನು ವಾಕಿಂಗ್ ಕರೆದುಕೊಂಡು ಹೋಗುವವನು ನಾನು, ಸ್ನಾನ ಮಾಡಿಸಿ ಒದ್ದೆಯಾಗುವವನು ನಾನು, ಪಟಾಕಿ ಸದ್ದಿಗೆ ಹೆದರಿ ಮಂಚದ ಕೆಳಗೆ ಸೇರಿಕೊಂಡಾಗ ನೆಲದ ಮೇಲೆ ಬೋರಲು ಮಲಗಿ ಸಮಾಧಾನ ಹೇಳುವವನೂ ನಾನೇ. ಆದರೂ ಫೋನಿನ ಪರದೆಯಲ್ಲಿ ನನ್ನ ಹೆಸರಿನ ಮುಂದೆ ಒಂದೇ ಒಂದು ದಾಸವಾಳ ಅರಳಲಿಲ್ಲ. ಪಕ್ಕದಲ್ಲೇ ನಮ್ಮ ಅಕ್ಕನ ಹೆಸರಿನ ಮುಂದೆ ದಿನಾ ಒಂದು ಗಿಡಕ್ಕಾಗುವಷ್ಟು ಹೂವು. ಆಗ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ನಾಯಿಯ ವಿಷಯಕ್ಕೆ ಒಡಹುಟ್ಟಿದ ಅಕ್ಕನ ಮೇಲೆ ಹೊಟ್ಟೆಕಿಚ್ಚು ಪಡುವ ಗಂಡಸು ನಾನೊಬ್ಬನೇ ಇರಲಾರೆ, ಆದರೆ ಅದನ್ನು ನೆನೆದು ಇಷ್ಟು ಸಂಕಟಪಡುವವನು ಬಹುಶಃ ನಾನೊಬ್ಬನೇ.

ಮೊದಲಿನಿಂದ ಹೇಳಿಬಿಡುತ್ತೇನೆ. ನನ್ನ ಹೆಸರು ಚಂದ್ರಚೂಡ. ಮೈಸೂರಿನಲ್ಲಿ ನನ್ನದೊಂದು ಕನ್ನಡಕದ ಅಂಗಡಿ. ಅಂಗಡಿಯ ಮಹಡಿಯ ಮೇಲೆ ನನ್ನ ಹೆಂಡತಿ ಭಾರ್ಗವಿಯ ಕಚೇರಿ. ಅವಳು ಆ್ಯಪ್‌ಗಳ ಪರದೆಗಳನ್ನು ವಿನ್ಯಾಸ ಮಾಡುವವಳು. ಯಾವ ಗುಂಡಿ ಎಲ್ಲಿರಬೇಕು, ಯಾವ ಪದ ಎಷ್ಟು ದಪ್ಪ ಇರಬೇಕು ಎಂದು ಗಂಟೆಗಟ್ಟಲೆ ತಲೆ ಕೆಡಿಸಿಕೊಳ್ಳುವ ಕೆಲಸ. ಅವಳ ಪಾಲುದಾರಳು ಡಾಕ್ಟರ್ ಫರ್ಜಾನಾ. ಪಶುವೈದ್ಯೆಯಾಗಿದ್ದು, ಆಮೇಲೆ ನಾಯಿಗಳ ಮಿದುಳಿನ ಮೇಲೆ ಸಂಶೋಧನೆ ಮಾಡಿದವಳು. ಇಬ್ಬರೂ ಸೇರಿ ನಾಯಿ ಸಾಕಿದವರಿಗಾಗಿ ಒಂದು ಆ್ಯಪ್ ಮಾಡಿದರು. ಅದರ ಹೆಸರು 'ನಾಯಿನಂಟು'.

ಅದರಲ್ಲಿ ಎಲ್ಲರಿಗೂ ಬೇಕಾದದ್ದೆಲ್ಲ ಇತ್ತು. ಕಳೆದುಹೋದ ನಾಯಿಯ ಸುದ್ದಿ ಬಡಾವಣೆಗೆಲ್ಲ ತಲುಪುತ್ತಿತ್ತು. ಊರಿಗೆ ಹೋಗುವವರ ನಾಯಿಗೆ ಅನ್ನ ಹಾಕಲು ನೆರೆಯವರು ಸಿಗುತ್ತಿದ್ದರು. ಜಗಳಗಂಟ ನಾಯಿ ಪಾರ್ಕಿಗೆ ಬಂದಿದ್ದರೆ ಉಳಿದವರಿಗೆ ಮೊದಲೇ ತಿಳಿಯುತ್ತಿತ್ತು. ಇಷ್ಟನ್ನು ಯಾರು ಬೇಕಾದರೂ ಮಾಡಬಹುದಿತ್ತು. ಬೇರೆಯವರ ಬಳಿ ಇಲ್ಲದ್ದು ಫರ್ಜಾನಾಳ ಬೆಲ್ಟು. ನಾಯಿಯ ಕೊರಳಿಗೆ ಕಟ್ಟುವ ಆ ಬೆಲ್ಟು ಅದರ ಎದೆಬಡಿತ, ಉಸಿರು, ಕತ್ತಿನ ಸ್ನಾಯುಗಳ ಬಿಗಿತ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿತ್ತು. ಕಿವಿಯ ಹಿಂದೆ ತಾಗುವ ಒಂದು ಬಿಲ್ಲೆ ಮಿದುಳಿನ ಸಣ್ಣ ವಿದ್ಯುತ್ ಮಿಡಿತಗಳನ್ನು ಹಿಡಿಯುತ್ತಿತ್ತು. ಸಾವಿರಾರು ನಾಯಿಗಳ ಮಿಡಿತಗಳನ್ನು ಕಲಿತಿದ್ದ ಕಂಪ್ಯೂಟರು ಅದನ್ನೆಲ್ಲ ಓದಿ, ನಾಯಿಗೆ ಈಗ ಹಸಿವೋ, ಭಯವೋ, ಆಟದ ಮನಸ್ಸೋ, ಬೇಜಾರೋ ಎಂದು ಒಂದೇ ಪದದಲ್ಲಿ ಹೇಳುತ್ತಿತ್ತು. ಮನೆಯವರಲ್ಲಿ ಯಾರ ಫೋನು ಹತ್ತಿರವಿದೆ ಎಂಬುದೂ ಬೆಲ್ಟಿಗೆ ತಿಳಿಯುತ್ತಿದ್ದರಿಂದ, ಆ ಭಾವ ಯಾರ ಹತ್ತಿರ ಬಂತು ಎನ್ನುವುದೂ ಪರದೆಯ ಮೇಲೆ ಬರುತ್ತಿತ್ತು. ಹಸಿವಿಗೆ ಬಟ್ಟಲಿನ ಚಿತ್ರ, ಭಯಕ್ಕೆ ಮಿಂಚು, ಆಟಕ್ಕೆ ಚೆಂಡು. ಮೊದಮೊದಲು ಪರೀಕ್ಷೆಗೆ ಸಿಕ್ಕಿದ ನಾಯಿ ನಮ್ಮ ಬೋಂಡ. ಬೀದಿಯಲ್ಲಿ ಬೋಂಡದ ಗಾಡಿಯ ಕೆಳಗೆ ಸಿಕ್ಕಿದವನು, ಹಾಗಾಗಿ ಆ ಹೆಸರು.

ಒಂದು ಮಧ್ಯಾಹ್ನ ಫ್ಲಾಸ್ಕಿನಲ್ಲಿ ಕಾಫಿ ತೆಗೆದುಕೊಂಡು ಮೇಲೆ ಹೋದಾಗ ಇಬ್ಬರೂ ಪರದೆಯ ಮುಂದೆ ವಾದ ಮಾಡುತ್ತಿದ್ದರು.

"ಇಲ್ಲಿ ನೋಡಿ ಚಂದ್ರು," ಎಂದು ಫರ್ಜಾನಾ ಒಂದು ಗೆರೆ ತೋರಿಸಿದಳು. "ಮೊದಲು ಬೇಗ ಬೇಗ ಮೂಸುತ್ತೆ. ಆಮೇಲೆ ಉಸಿರು ಹಿಡಿದುಬಿಡುತ್ತೆ. ಎದೆಬಡಿತ ನಿಧಾನ ಆಗುತ್ತೆ, ಬಾಲ ಅಲ್ಲಾಡಲ್ಲ, ಮೈ ಕಲ್ಲಿನ ಥರ ನಿಲ್ಲುತ್ತೆ. ಇದು ಭಯ ಅಲ್ಲ, ಹಸಿವೂ ಅಲ್ಲ. ಮನುಷ್ಯರ ಹತ್ತಿರ ಮಾತ್ರ ಬರುತ್ತೆ. ಅದೂ ಎಲ್ಲರ ಹತ್ತಿರ ಅಲ್ಲ, ಕೆಲವರ ಹತ್ತಿರ."

"ಹಾಗಾದ್ರೆ ಏನದು?"

"ತಿಳಿಯದು. ಹಾಗಂತಲೇ ಪರದೆ ಮೇಲೂ ಹಾಕಿದೀನಿ."

"ಅದೇ ತೊಂದರೆ ಆಗಿರೋದು," ಎಂದಳು ಭಾರ್ಗವಿ. ಪರೀಕ್ಷೆಗೆಂದು ಆ್ಯಪ್ ಕೊಟ್ಟಿದ್ದ ಮನೆಗಳಿಂದ ಬಂದ ದೂರುಗಳನ್ನು ಓದಿ ಹೇಳಿದಳು. ಒಬ್ಬ ಮಹಾಶಯ ಬರೆದಿದ್ದ: ನಾಯಿಯ ಮನಸ್ಸು ತಿಳಿಯದು ಅಂತ ನಿಮ್ಮ ಆ್ಯಪ್ ಹೇಳುವುದಾದರೆ ಅದು ಯಾಕೆ ಬೇಕು, ಆ ಮಟ್ಟಿಗೆ ನಮಗೂ ತಿಳಿಯುವುದಿಲ್ಲವಲ್ಲ! ನನಗೆ ನಗು ತಡೆಯಲಾಗಲಿಲ್ಲ. ಭಾರ್ಗವಿ ನಗಲಿಲ್ಲ. "ಬೂದು ಬಣ್ಣದ ವೃತ್ತ, ಅದರ ಕೆಳಗೆ 'ತಿಳಿಯದು'. ಇದನ್ನು ನೋಡಿದ ತಕ್ಷಣ ಜನ ಆ್ಯಪ್ ಮುಚ್ತಾರೆ. ಸಾಯಂಕಾಲ ಅತ್ತಿಗೆ ಹತ್ರ ಕೇಳ್ತೀನಿ," ಎಂದಳು.

ಅತ್ತಿಗೆ ಎಂದರೆ ನಮ್ಮಕ್ಕ ಇಂದುಮತಿ. ಮದುವೆ ಬೇಡ ಎಂದು ಗಟ್ಟಿಯಾಗಿ ಹೇಳಿ, ಹಾಗೆಯೇ ಬದುಕಿದವಳು. ರೈಲು ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಘೋಷಣೆ ಮಾಡುತ್ತಿದ್ದಳು. "ಪ್ರಯಾಣಿಕರ ದಯವಿಟ್ಟು ಗಮನಕ್ಕೆ" ಎಂದು ಅವಳು ಆರಂಭಿಸಿದರೆ ಅಳುವ ಮಕ್ಕಳೂ ಬಾಯಿ ಮುಚ್ಚಿಕೊಳ್ಳುತ್ತಿದ್ದವು ಎಂದು ಅವಳೇ ಹೇಳಿಕೊಳ್ಳುತ್ತಿದ್ದಳು, ನಾನೂ ನಂಬಿದ್ದೆ. ನಿವೃತ್ತಿಯಾದ ಮೇಲೆ ನಮ್ಮ ಜೊತೆಗೇ ಇದ್ದಳು. ಭಾರ್ಗವಿಯ ಕೆಲಸದಲ್ಲಿ ಒಂದು ಪದ್ಧತಿಯಿತ್ತು. ಅಕ್ಕನಿಗೆ ಅರ್ಥವಾಗದ ಪರದೆ ಹೊರಗೆ ಹೋಗುವ ಹಾಗಿಲ್ಲ. ಪ್ರತಿಯೊಂದು ಪರದೆಯೂ ನಮ್ಮ ಊಟದ ಮೇಜಿನ ಮೇಲೆ ಅಕ್ಕನ ಮುಂದೆ ಪರೀಕ್ಷೆಗೆ ಕೂರಬೇಕು. ಅಕ್ಕ ಅದರಲ್ಲಿ ಅನಗತ್ಯ ಮಾತನ್ನೆಲ್ಲ ಕತ್ತರಿಸಿ ಹಾಕುತ್ತಿದ್ದಳು. ಆ್ಯಪ್ ಅಷ್ಟು ಸಲೀಸಾಗಿದೆ ಎಂದು ಜನ ಹೊಗಳಿದ್ದಕ್ಕೆ ಅರ್ಧ ಕಾರಣ ಅವಳೇ.

ಆ ಸಂಜೆ ಅವಳು ನೆನೆಸಿದ ಅವರೆಕಾಳು ಹಿದುಕುತ್ತಾ ಕೂತಿದ್ದಳು. ಬೋಂಡ ಕುರ್ಚಿಯ ಪಕ್ಕದಲ್ಲಿ ನಿಂತು ಅವಳ ಎಡಪಕ್ಕೆಯ ಕೆಳಗೆ ಮೂತಿ ಒತ್ತಿ, ಅಲುಗದೆ ಉಳಿದಿದ್ದ. ಭಾರ್ಗವಿ ಫೋನು ತೋರಿಸಿದಳು. ಬೂದು ವೃತ್ತ, ತಿಳಿಯದು.

"ಇದೇನೇ ಇದು, ತಿಳಿಯದು ಅಂದ್ರೆ?" ಎಂದಳು ಅಕ್ಕ.

"ನಮಗೆ ಇನ್ನೂ ಗೊತ್ತಾಗಿಲ್ಲ ಅತ್ತಿಗೆ. ಅದಕ್ಕೇ ಹಾಗೆ ಹಾಕಿದೀವಿ."

"ಗೊತ್ತಿಲ್ಲ ಅಂತ ಮೈಕಲ್ಲಿ ಹೇಳೋ ಹಾಗಿಲ್ಲ ಕಣೇ. ರೈಲು ತಡ ಅಂತ ಹೇಳು, ಎಷ್ಟು ತಡ ಅಂತ ಹೇಳು, ಬರಲ್ಲ ಅಂತ ಬೇಕಾದ್ರೂ ಹೇಳು. ಗೊತ್ತಿಲ್ಲ ಅಂದ್ರೆ ಮಾತ್ರ ಜನ ಗಾಬರಿ ಆಗ್ತಾರೆ."

"ಮತ್ತೇನು ಅಂತ ಹಾಕೋದು?"

ಅಕ್ಕ ಕೈ ಒರೆಸಿಕೊಂಡು ಬೋಂಡನ ತಲೆ ಸವರಿದಳು. ಅವನು ಆಗಲೂ ಅಲುಗಲಿಲ್ಲ. "ಇಷ್ಟೊತ್ತಿಂದ ನನ್ನ ಬಿಟ್ಟು ಹೋಗ್ತಿಲ್ಲ, ಊಟಕ್ಕೂ ಹೋಗ್ತಿಲ್ಲ. ಇದಕ್ಕೆ ದೊಡ್ಡ ಸಂಶೋಧನೆ ಬೇಕೇನೇ? ಅಕ್ಕರೆ ಕಣೇ. ಇನ್ನೇನು?"

ಪದ ಚೆನ್ನಾಗಿತ್ತು. ಚಿಕ್ಕದು, ಬೆಚ್ಚಗಿನದು, ಒಂದೇ ಸಾಲಿನಲ್ಲಿ ಹಿಡಿಸುತ್ತಿತ್ತು. ಭಾರ್ಗವಿ ನನ್ನ ಮುಖ ನೋಡಿದಳು. ಅಕ್ಕ ಹೇಳುವುದು ಸರಿ ಎಂದೆ. ಈಗ ನೆನೆದರೆ ನನ್ನ ಬಾಯಿಯ ಮೇಲೆ ನನಗೇ ಸಿಟ್ಟು ಬರುತ್ತದೆ. ಏಕೆಂದರೆ ಅಂಗಡಿಯಲ್ಲಿ ದಿನವಿಡೀ ನಾನು ಹೇಳುವ ಮಾತೇ ಬೇರೆ. ಕಣ್ಣು ಪರೀಕ್ಷೆಗೆ ಕೂತವರು ಕೊನೆಯ ಸಾಲಿನ ಅಕ್ಷರ ಕಾಣದಿದ್ದರೂ ನಾಚಿಕೆಗೆ ಊಹಿಸಿ ಹೇಳುತ್ತಾರೆ. "ಕಾಣಲ್ಲ ಅಂತ ಹೇಳಿ ಸಾರ್, ನನಗೆ ಬೇಕಾಗಿರೋದೇ ಅದು" ಎಂದು ನಾನು ಗೋಗರೆಯುತ್ತೇನೆ. ಊಹೆಯ ಮೇಲೆ ಕನ್ನಡಕ ಮಾಡಿಕೊಟ್ಟರೆ ಮನುಷ್ಯ ಮೆಟ್ಟಿಲು ತಪ್ಪಿ ಬೀಳುತ್ತಾನೆ. ಆ ಮಾತು ಅವತ್ತು ಊಟದ ಮೇಜಿನ ಮುಂದೆ ನನಗೆ ಹೊಳೆಯಲೇ ಇಲ್ಲ. ನನ್ನ ಗಮನವೆಲ್ಲ ಹಿದುಕಿದ ಬೇಳೆಯ ಸಾರಿನ ಮೇಲಿತ್ತು.

ಮಾರನೆಯ ದಿನ ಫರ್ಜಾನಾ ಸ್ವಲ್ಪ ಹೊತ್ತು ಒಪ್ಪಲಿಲ್ಲ. "ಪುರಾವೆ ಇಲ್ಲ ಭಾರ್ಗವಿ. ಎದೆಬಡಿತ ನಿಧಾನ ಆಗೋದು ಪ್ರೀತಿ ಅಂತ ಯಾರು ಹೇಳಿದ್ರು?"

"ಜನರನ್ನೇ ಕೇಳೋಣ. ಗುರುತಿನ ಕೆಳಗೆ 'ಸರಿ', 'ತಪ್ಪು' ಅಂತ ಎರಡು ಗುಂಡಿ ಇಡ್ತೀನಿ."

ಇಟ್ಟಳು. ಬೂದು ವೃತ್ತದ ಜಾಗದಲ್ಲಿ ಅಕ್ಕನಿಗೆ ಇಷ್ಟವಾದ ಕೆಂಪು ದಾಸವಾಳ ಬಂತು. ಬಹುತೇಕ ಎಲ್ಲರೂ 'ಸರಿ' ಒತ್ತಿದರು. ನಿಮ್ಮ ನಾಯಿಗೆ ನಿಮ್ಮ ಮೇಲೆ ಅಕ್ಕರೆ ಉಕ್ಕುತ್ತಿದೆ ಎಂದು ಹೇಳಿದರೆ 'ತಪ್ಪು' ಒತ್ತುವವರು ಈ ಭೂಮಿಯ ಮೇಲೆ ಯಾರಿದ್ದಾರೆ? ಅಷ್ಟೂ 'ಸರಿ'ಗಳನ್ನು ನೋಡಿ ಕಂಪ್ಯೂಟರು ಇನ್ನೂ ಧೈರ್ಯವಾಗಿ ದಾಸವಾಳ ಹಂಚಲು ಕಲಿಯಿತು. ಫರ್ಜಾನಾಳೂ ಸುಮ್ಮನಾದಳು.

ಆಮೇಲೆ 'ನಾಯಿನಂಟು' ಊರೆಲ್ಲ ಹಬ್ಬಿತು. ಭಾನುವಾರ ಬೆಳಿಗ್ಗೆ ಪಾರ್ಕಿನಲ್ಲಿ ನಾಯಿನಂಟರು ಸೇರುತ್ತಿದ್ದರು. ಚುರುಮುರಿ, ಕಾಫಿ, ನಾಯಿಗಳ ಜಗಳ, ಮನುಷ್ಯರ ರಾಜಿ. ವಾರದಲ್ಲಿ ಅತಿ ಹೆಚ್ಚು ದಾಸವಾಳ ಪಡೆದವರಿಗೆ 'ವಾರದ ಅಕ್ಕರೆ' ಎಂಬ ಗೌರವ. ಅವರ ತಲೆಗೆ ಮೈಸೂರು ಪೇಟ ತೊಡಿಸಿ, ನಾಯಿಯ ಜೊತೆ ಫೋಟೋ ತೆಗೆದು ಆ್ಯಪ್‌ನಲ್ಲಿ ಹಾಕುತ್ತಿದ್ದರು. ಪೇಟ ತಂದುಕೊಟ್ಟವನು ನಾನೇ. ಒಂದು ಸಲವಾದರೂ ಅದನ್ನು ತೊಡುವ ಆಸೆ ನನಗಿತ್ತು ಎಂಬುದನ್ನು ಮುಚ್ಚಿಡುವುದಿಲ್ಲ. ಮನೆಯಲ್ಲಿ ಮೊಟ್ಟೆಯೂ ಬೇಯಿಸದ ನಾವು. ನಾನು ಮಾತ್ರ ಕದ್ದು ಮೇಕೆಯ ಲಿವರ್ ತಂದು ಅಂಗಡಿಯ ಹಿಂದೆ ಬೋಂಡನಿಗೆ ತಿನ್ನಿಸಿದೆ. ಅವನು ತಿಂದು, ನನ್ನ ಕೈ ನೆಕ್ಕಿ, ಅಡಿಯಿಂದ ಮುಡಿಯವರೆಗೆ ಮೂಸಿ, ಆಮೇಲೆ ಮುಖ ತಿರುಗಿಸಿಕೊಂಡು ಹೋಗಿ ಅಕ್ಕನ ಪಕ್ಕದಲ್ಲಿ ನಿಂತ. ಫೋನು ನನ್ನ ಹೆಸರಿನ ಮುಂದೆ ಬಟ್ಟಲಿನ ಚಿತ್ರ ತೋರಿಸಿತು.

ಅಕ್ಕ ಮತ್ತೆ ಮತ್ತೆ ಪೇಟ ತೊಟ್ಟಳು. "ಲೋ ಚಂದ್ರು, ಅನ್ನ ಹಾಕಿದ ಮಾತ್ರಕ್ಕೆ ಅಕ್ಕರೆ ಬರಲ್ಲ ಕಣೋ, ಮನಸ್ಸು ಶುದ್ಧ ಇರ್ಬೇಕು," ಎಂದು ಎಲ್ಲರ ಮುಂದೆ ಛೇಡಿಸುವಳು. ಜನ ನಗುತ್ತಿದ್ದರು, ನಾನೂ ನಗುತ್ತಿದ್ದೆ.

ಆ ತಿಂಗಳುಗಳಲ್ಲಿ ಅಕ್ಕ ಸೊರಗುತ್ತಾ ಬಂದಳು. ಬೋಂಡನ ಜೊತೆ ನಡೆದು ಮೈ ಇಳಿದಿದೆ ಎಂದು ಹೆಮ್ಮೆಪಟ್ಟು ರವಿಕೆಗಳನ್ನೆಲ್ಲ ಹಿಡಿಸಿಕೊಂಡಳು. ಬೆನ್ನು ನೋಯುತ್ತದೆ ಎಂದಾಗ ನಾನು ಹಳೆಯ ಕುರ್ಚಿಯನ್ನು ಬೈದು ಹೊಸದು ತಂದೆ. ಬೋಂಡನಿಗೆ ಮಾತ್ರ ನೆಮ್ಮದಿಯಿರಲಿಲ್ಲ. ಅವಳ ಸೆರಗು ಹಿಡಿದು ಎಳೆಯುತ್ತಿದ್ದ, ಮಲಗಿದರೆ ಹೋಗಿ ಅದೇ ಎಡಪಕ್ಕೆಗೆ ಮೂತಿ ಒತ್ತುತ್ತಿದ್ದ, ಏಳಿಸುತ್ತಿದ್ದ. "ಸಾಕು ಬಿಡೋ, ಎಷ್ಟೂಂತ ಮುದ್ದು ಮಾಡ್ತೀಯ," ಎನ್ನುವಳು. ಪಕ್ಕದಲ್ಲಿದ್ದ ಫೋನಿನ ತುಂಬ ದಾಸವಾಳ. ಪಾಪದ ಪ್ರಾಣಿ ತನಗೆ ತಿಳಿದ ಭಾಷೆಯಲ್ಲಿ ಕೂಗಿ ಕೂಗಿ ಹೇಳುತ್ತಿತ್ತು, ನಾವು ಅಕ್ಕನಿಗೆ ಪೇಟ ತೊಡಿಸಿ ಫೋಟೋ ತೆಗೆಯುತ್ತಿದ್ದೆವು.

ಇದು ಬಯಲಾದದ್ದು ಒಂದು ದೂರಿನಿಂದ. ಸರ್ವಮಂಗಳಮ್ಮ ಎಂಬವರು ತಮ್ಮ ನಾಯಿ ರೂಬಿಯನ್ನು ಎಳೆದುಕೊಂಡು ನೇರವಾಗಿ ಮಹಡಿಗೆ ಬಂದರು. ಒಮ್ಮೆ ಪೇಟ ತೊಟ್ಟವರೇ. ನಾನು ಮೆಟ್ಟಿಲಲ್ಲಿ ಸಿಕ್ಕಿ, ಅವರ ಏದುಸಿರು ನೋಡಿ ಕೈಹಿಡಿದು ಮೇಲೆ ಕರೆದುಕೊಂಡು ಹೋದೆ.

"ನಿಮ್ಮ ಆ್ಯಪ್ ಕೆಟ್ಟಿದೆ ಕಣಮ್ಮ," ಎಂದರು ಭಾರ್ಗವಿಗೆ. ಹೇಳುತ್ತಲೇ ಕಣ್ಣಲ್ಲಿ ನೀರು ಬಂತು. "ಮೊದಲು ದಿನಾ ಹೂವು ಬರ್ತಿತ್ತು. ಈಗ ಒಂದೂ ಇಲ್ಲ. ನಾನು ಆಸ್ಪತ್ರೆಯಲ್ಲಿದ್ದಾಗ ಅದನ್ನ ತಂಗಿ ಮನೇಲಿ ಬಿಟ್ಟಿದ್ದೆ, ಅದಕ್ಕೇ ಮುನಿಸಿಕೊಂಡಿದೆಯಾ? ಇಲ್ಲ ನಿಮ್ಮ ಮಿಷಿನ್ನೇ ಸರಿಯಿಲ್ವಾ? ಸರಿಮಾಡಿಕೊಡಿ. ನನಗೆ ಇರೋದು ಅದೊಂದೇ."

"ಆಸ್ಪತ್ರೆಗೆ ಯಾಕೆ ಹೋಗಿದ್ರಿ?" ಎಂದಳು ಫರ್ಜಾನಾ.

"ಎದೇಲಿ ಗಂಟಾಗಿತ್ತು. ಕ್ಯಾನ್ಸರ್ ಅಂದ್ರು. ಸ್ನಾನ ಮಾಡೋವಾಗ ಕೈಗೆ ಸಿಕ್ತು, ಪುಣ್ಯ. ತೆಗೆದುಹಾಕಿದ್ರು. ಈಗ ಏನೂ ಇಲ್ಲ ಅಂದಿದ್ದಾರೆ."

ಫರ್ಜಾನಾ ಅವರ ಮುಖವನ್ನೇ ನೋಡುತ್ತಾ ನಿಂತಳು. "ರೂಬಿ ಎಲ್ಲಿ ಮೂತಿ ಇಡ್ತಿತ್ತು ಸರ್ವಮಂಗಳಮ್ಮ? ಹೂವು ಬರ್ತಿತ್ತಲ್ಲ, ಆಗ?"

ಅವರು ತಮ್ಮ ಎದೆಯ ಬಲಭಾಗದ ಮೇಲೆ ಕೈಯಿಟ್ಟರು. ಇಟ್ಟ ಕೈ ಅಲ್ಲೇ ಉಳಿಯಿತು. ಅವರಿಗೂ ಆಗಲೇ ಹೊಳೆದಿರಬೇಕು.

ಫರ್ಜಾನಾ ಕುರ್ಚಿಯಲ್ಲಿ ಕುಸಿದು ಕೂತು ಮೆಲ್ಲಗೆ ಹೇಳಿದಳು, "ರೋಗ ಹೊಕ್ಕ ಮೈಯ ಉಸಿರಿನ ವಾಸನೆ ಬದಲಾಗುತ್ತೆ, ಬೆವರಿನ ವಾಸನೆ ಬದಲಾಗುತ್ತೆ. ನಾಯಿಗೆ ಅದು ಸಿಗುತ್ತೆ ಅಂತ ಮುಂಚಿನಿಂದಲೂ ಗೊತ್ತು. ಆದ್ರೆ ತಿಂಗಳುಗಟ್ಟಲೆ ತರಬೇತಿ ಕೊಟ್ರೆ ಮಾತ್ರ ಅದು ಹೇಳುತ್ತೆ ಅಂದ್ಕೊಂಡಿದ್ವಿ. ತರಬೇತಿ ಇಲ್ಲದ ನಾಯಿನೂ ಹೇಳ್ತಿದೆ. ಕೇಳಿಸಿಕೊಳ್ಳೋಕೆ ಬೆಲ್ಟು ಮಾಡಿದ್ದೂ ನಾವೇ, ಅದರ ಬಾಯಿಗೆ ಬೇರೆ ಮಾತು ತುರುಕಿದ್ದೂ ನಾವೇ."

ಭಾರ್ಗವಿ ಅಷ್ಟು ಹೊತ್ತಿಗೆ ಎದ್ದು ನಿಂತಿದ್ದಳು. "ಅತ್ತಿಗೆ," ಎಂದಳು. ಅದೊಂದೇ ಮಾತು. ಚಪ್ಪಲಿಯನ್ನೂ ಮೆಟ್ಟದೆ ಮೆಟ್ಟಿಲು ಇಳಿದು ಓಡಿದಳು. ಅಂಗಡಿಯಲ್ಲಿ ಗಿರಾಕಿಗಳಿದ್ದರು, ಅವರನ್ನು ಅಲ್ಲೇ ಬಿಟ್ಟು ನಾನೂ ಅವಳ ಹಿಂದೆ ಓಡಿದೆ.

ಮನೆಯಲ್ಲಿ ಅಕ್ಕ ಹೊಸ ಕುರ್ಚಿಯಲ್ಲಿ ಕೂತಿದ್ದಳು. ಬೋಂಡ ಎಡಪಕ್ಕೆಗೆ ಮೂತಿಯಿಟ್ಟು ನಿಂತಿದ್ದ. "ಏನ್ರೋ ಇಬ್ಬರೂ ಹೀಗೆ ಓಡಿ ಬಂದ್ರಿ, ರೈಲು ಹೊರಟುಬಿಡ್ತಾ?" ಎಂದಳು.

ಪರೀಕ್ಷೆ ಮಾಡಿಸಿದೆವು. ಕ್ಯಾನ್ಸರ್ ಮೇದೋಜೀರಕ ಗ್ರಂಥಿಯಲ್ಲಿತ್ತು. ಹೊಟ್ಟೆಯ ಹಿಂದೆ ಅಡಗಿ ಕೂತು ಬೆಳೆಯುವ ಜಾತಿ. ಆಗಲೇ ಯಕೃತ್ತಿಗೆ ಹರಡಿತ್ತು. ಡಾಕ್ಟರು ಸಜ್ಜನ, ಮೆಲ್ಲಗೆ ಮಾತಾಡುವವರು. ಹೋದ ಚಳಿಗಾಲದಲ್ಲಿ ಸಿಕ್ಕಿದ್ದರೆ ಶಸ್ತ್ರಚಿಕಿತ್ಸೆಗೆ ಅವಕಾಶವಿತ್ತು ಎಂದರು. ಹೋದ ಚಳಿಗಾಲ ಎಂದರೆ ಅವರೆಕಾಯಿಯ ಕಾಲ. ಭಾರ್ಗವಿ ನನ್ನ ಕಡೆ ನೋಡಲಿಲ್ಲ. ನಾನೂ ಅವಳ ಕಡೆ ನೋಡಲಿಲ್ಲ.

ಮಹಡಿಯ ಕಚೇರಿಯಲ್ಲಿ ಅದೇ ಹೊತ್ತಿಗೆ ಇನ್ನೊಂದು ಸಂಕಟ. ಊರಿನ ತುಂಬ ಜನ ಪ್ರತಿದಿನ ದಾಸವಾಳ ನೋಡಿ ಖುಷಿಪಡುತ್ತಿದ್ದರು. ಅವರಿಗೆ ಹೇಳಬೇಕು. ಹೇಗೆ ಹೇಳುವುದು? ಎಲ್ಲ ದಾಸವಾಳವೂ ರೋಗವಲ್ಲ, ಕೆಲವು ಕಂಪ್ಯೂಟರಿನ ಭ್ರಮೆಯೂ ಇರಬಹುದು ಎಂದು ಫರ್ಜಾನಾ ಹೇಳುತ್ತಿದ್ದಳು. ಎಷ್ಟು ಪಾಲು ನಿಜ ಎಂದು ಅವಳಿಗೂ ಗೊತ್ತಿರಲಿಲ್ಲ. ಭಾರ್ಗವಿ ಸಂದೇಶ ಬರೆದಳು, ಅಳಿಸಿದಳು, ಮತ್ತೆ ಬರೆದಳು. ಹೆದರಿಸುವ ಹಾಗೆ ಬರೆದರೆ ಜನ ನಾಯಿಯನ್ನೇ ಮನೆಯಿಂದ ಹೊರಗೆ ಹಾಕುತ್ತಾರೆ. ನಯವಾಗಿ ಬರೆದರೆ ಓದದೆ ಅಳಿಸುತ್ತಾರೆ. ಇಷ್ಟು ವರ್ಷ ಎಲ್ಲವನ್ನೂ ಸುಲಭ ಮಾಡಿಕೊಟ್ಟವಳಿಗೆ ಸುಲಭವಲ್ಲದ ಒಂದು ಮಾತು ಹೇಳಲು ಬರಲಿಲ್ಲ. ಅವಳು ಹಾಗೆ ಅಳುವುದನ್ನು ನಾನು ಅದುವರೆಗೆ ನೋಡಿರಲಿಲ್ಲ.

ಕೊನೆಗೆ ಅಕ್ಕನಿಗೆ ಎಲ್ಲವನ್ನೂ ಹೇಳಲೇಬೇಕಾಯಿತು. ಹೇಳಿದ್ದು ಭಾರ್ಗವಿಯೇ. ಆಸ್ಪತ್ರೆಯ ಮಂಚದ ಪಕ್ಕದಲ್ಲಿ ಕೂತು, ತಲೆ ತಗ್ಗಿಸಿ, ಏನೂ ಬಿಡದೆ ಹೇಳಿದಳು. ನಾನು ಕಿಟಕಿಯ ಹತ್ತಿರ ನಿಂತಿದ್ದೆ. ಅಕ್ಕ ಬೈಯಲಿ ಎಂದು ನಾನು ಕಾಯುತ್ತಿದ್ದೆ. ಬೈದಿದ್ದರೆ ಚೆನ್ನಾಗಿರುತ್ತಿತ್ತು.

"ಹಾಗಾದ್ರೆ ಅದು ಅಕ್ಕರೆ ಅಲ್ವೇನೇ?" ಎಂದಳು.

ಕಾಯಿಲೆಯ ವಿಷಯ ಕೇಳಲಿಲ್ಲ, ಎಷ್ಟು ದಿನ ಎಂದೂ ಕೇಳಲಿಲ್ಲ. ಅವಳು ಕೇಳಿದ್ದು ಅದೊಂದನ್ನೇ. ಹೌದು, ಅಕ್ಕರೆಯೇ ಎಂದುಬಿಡು ಎಂದು ನಾನು ಒಳಗೊಳಗೇ ಭಾರ್ಗವಿಗೆ ಕೂಗಿ ಹೇಳಿದೆ. ಅಷ್ಟು ಸುಳ್ಳಿನಿಂದ ಇನ್ನು ಏನು ಕೆಡುವುದಿತ್ತು?

ಭಾರ್ಗವಿ ಅಕ್ಕನ ಕೈ ಹಿಡಿದುಕೊಂಡಳು. "ಗೊತ್ತಿಲ್ಲ ಅತ್ತಿಗೆ," ಎಂದಳು. "ನಿಜವಾಗ್ಲೂ ಗೊತ್ತಿಲ್ಲ."

"ಅವತ್ತು 'ತಿಳಿಯದು' ಅನ್ನೋದನ್ನ ತೆಗೆಸಿದವಳು ನಾನೇ ಅಲ್ವಾ," ಎಂದು ಅಕ್ಕ ನಿಟ್ಟುಸಿರಿಟ್ಟಳು. ಆಮೇಲೆ ದಿಂಬಿಗೆ ಒರಗಿ ಎದ್ದು ಕೂತು, ಕೂದಲು ಸರಿಮಾಡಿಕೊಂಡಳು. "ನೀನು ಬರೆದು ಕಳಿಸಿದ್ರೆ ಯಾರೂ ಓದಲ್ಲ. ಫೋನ್ ಕೊಡು ಇಲ್ಲಿ. ಚಂದ್ರು, ಬಾಗಿಲು ಹಾಕು, ಹೊರಗಡೆ ಗಲಾಟೆ."

ನೀರು ಕುಡಿದು, ಗಂಟಲು ಸರಿಪಡಿಸಿಕೊಂಡು, ಒಂದೇ ಸಲಕ್ಕೆ ಹೇಳಿ ಮುಗಿಸಿದಳು. ಅಷ್ಟು ಸೊರಗಿದ ಮೈಯಿಂದ ಆ ಧ್ವನಿ ಎಲ್ಲಿಂದ ಬಂತೋ. ಚಿಕ್ಕಂದಿನಲ್ಲಿ ನಾನು ರೈಲು ನಿಲ್ದಾಣದ ಬೆಂಚಿನ ಮೇಲೆ ಕೂತು, ಇದು ನಮ್ಮಕ್ಕ ಎಂದು ಅಪರಿಚಿತರಿಗೆಲ್ಲ ಹೇಳುತ್ತಿದ್ದ ಧ್ವನಿ ಅದೇ.

"ನಾಯಿನಂಟರ ದಯವಿಟ್ಟು ಗಮನಕ್ಕೆ. ನಿಮ್ಮ ನಾಯಿ ನಿಮ್ಮ ಮೈಯ ಒಂದೇ ಜಾಗದಲ್ಲಿ ಮೂತಿಯಿಟ್ಟು ಪದೇ ಪದೇ ನಿಲ್ಲುತ್ತಿದೆ. ಇದನ್ನು ನಾವು ಅಕ್ಕರೆ ಎಂದು ಹೇಳಿದ್ದೆವು. ಅದು ನಮ್ಮ ಊಹೆ. ಇದರ ನಿಜವಾದ ಅರ್ಥ ನಮಗೆ ಪೂರ್ತಿ ತಿಳಿಯದು. ಇದು ಕಾಯಿಲೆಯ ಸೂಚನೆ ಇರಬಹುದು, ಇಲ್ಲದೆಯೂ ಇರಬಹುದು. ದಯವಿಟ್ಟು ಗಾಬರಿಯಾಗಬೇಡಿ, ತಡವನ್ನೂ ಮಾಡಬೇಡಿ. ನಾಯಿ ತೋರಿಸಿದ ಜಾಗವನ್ನು ವೈದ್ಯರಿಗೆ ತೋರಿಸಿ. ನಾಯಿಯನ್ನು ಬೈಯಬೇಡಿ. ನಿಮಗೆ ಆಗಿರುವ ಅನಾನುಕೂಲಕ್ಕಾಗಿ ವಿಷಾದಿಸುತ್ತೇವೆ."

ತಡವಾದ ಎಷ್ಟೋ ರೈಲುಗಳಿಗಾಗಿ ಅವಳು ಆ ಕೊನೆಯ ಸಾಲನ್ನು ಹೇಳಿದ್ದಳು. ಅದನ್ನು ಕೇಳಿ ಯಾರೂ ಅತ್ತಿರಲಾರರು. ಆ ಕೋಣೆಯಲ್ಲಿ ನಾವಿಬ್ಬರೂ ಅತ್ತೆವು.

ಆ ಸಂಜೆಯೇ ಅದು ಎಲ್ಲರ ಫೋನಿಗೂ ಹೋಯಿತು. ಸಿಟ್ಟಾದವರು ಇದ್ದರು, ಬೆಲ್ಟು ಬಿಚ್ಚಿ ಕಚೇರಿಯ ಬಾಗಿಲಿಗೆ ಎಸೆದು ಹೋದವರೂ ಇದ್ದರು. ಪೇಟ ತೊಟ್ಟಿದ್ದ ಒಬ್ಬರ ಮಗ ಬಂದು, ನಮ್ಮ ತಂದೆ ತೀರಿಕೊಂಡು ಎರಡು ತಿಂಗಳಾಯಿತು, ಆ ಫೋಟೋವನ್ನೇ ಕಟ್ಟು ಹಾಕಿಸಿ ಗೋಡೆಗೆ ಹಾಕಿದ್ದೇವೆ ಎಂದು ಹೇಳಿ ಹೋದ. ಅವನ ಮುಂದೆ ಭಾರ್ಗವಿ ಕೈಮುಗಿದು ನಿಂತಿದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಆದರೆ ಅಕ್ಕನ ದನಿ ಕೇಳಿ ಪರೀಕ್ಷೆ ಮಾಡಿಸಿಕೊಂಡು, ವೇಳೆಗೆ ಸರಿಯಾಗಿ ಚಿಕಿತ್ಸೆ ಸಿಕ್ಕಿ ಉಳಿದವರೂ ಇದ್ದಾರೆ. ಅವರಲ್ಲಿ ಕೆಲವರು ಹಣ್ಣು ಹಿಡಿದುಕೊಂಡು ಅಕ್ಕನನ್ನು ನೋಡಲು ಬಂದರು. ಅವರ ಜೊತೆ ಅವಳು ನಗುನಗುತ್ತಾ ಮಾತಾಡಿದಳು. ಅವರು ಹೋದ ಮೇಲೆ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದಳು.

ಅವಳು ಕೊನೆಯ ದಿನಗಳನ್ನು ಮನೆಯಲ್ಲೇ ಕಳೆದಳು. ಬೋಂಡ ಮಂಚ ಬಿಟ್ಟು ಕದಲಲಿಲ್ಲ. ಒಂದು ಸಂಗತಿ ಮಾತ್ರ ಫರ್ಜಾನಾಳಿಗೂ ಬಿಡಿಸಲಾಗಲಿಲ್ಲ. ಪಾರ್ಕಿಗೆ ಅಷ್ಟೊಂದು ಕಾಯಿಲೆಯ ಜನ ಬರುತ್ತಿದ್ದರೂ ಬೋಂಡ ಅವರಲ್ಲಿ ಒಬ್ಬರ ಹತ್ತಿರವೂ ಹಾಗೆ ನಿಂತಿರಲಿಲ್ಲ. ಯಾವ ನಾಯಿಯೂ ಬೇರೆಯವರ ಹತ್ತಿರ ನಿಂತಿರಲಿಲ್ಲ, ತಮ್ಮ ಮನೆಯವರ ಹತ್ತಿರ ಮಾತ್ರ. ವಾಸನೆ ಎಲ್ಲರದೂ ಸಿಗುತ್ತದೆ, ಹಾಗಾದರೆ ಹೇಳುವುದು ತಮ್ಮವರಿಗೆ ಮಾತ್ರ ಏಕೆ? ಇದನ್ನು ನಾನು ಅಕ್ಕನ ಕಿವಿಯಲ್ಲಿ ಹೇಳಿದೆ. ಅವಳಿಗೆ ಆಗಲೇ ಮಂಪರು. ಕೇಳಿಸಿತೋ ಇಲ್ಲವೋ. ಒಂದು ವಾರ ಮೊದಲು ಹೇಳಬಾರದಿತ್ತೇ ಎಂದು ಈಗಲೂ ಅನ್ನಿಸುತ್ತದೆ. ಅವಳು ಹೋದಾಗ ಅವಳ ಕೈ ಬೋಂಡನ ತಲೆಯ ಮೇಲಿತ್ತು.

ಆ್ಯಪ್ ಈಗಲೂ ಇದೆ. ದಾಸವಾಳ ಹೋಯಿತು, ಪೇಟ ನನ್ನ ಅಂಗಡಿಯ ಅಟ್ಟ ಸೇರಿತು. ಕಂಪ್ಯೂಟರಿಗೆ ಅರ್ಥವಾಗದ ಯಾವ ಭಾವಕ್ಕೂ ಈಗ ಮತ್ತೆ ಬೂದು ವೃತ್ತವೇ, ಕೆಳಗೆ 'ತಿಳಿಯದು' ಎಂಬ ಪದ. ಮೂತಿಯಿಟ್ಟು ನಿಲ್ಲುವ ಗುರುತು ಯಾರ ಹತ್ತಿರ ಬಂದರೂ ಅವರ ಫೋನಿನಲ್ಲಿ ಅಕ್ಕನ ಘೋಷಣೆ ತಾನಾಗಿ ಕೇಳುತ್ತದೆ. ಬೋಂಡ ದಿನಾ ಬೆಳಿಗ್ಗೆ ನನ್ನನ್ನು ಅಡಿಯಿಂದ ಮುಡಿಯವರೆಗೆ ಮೂಸಿ ಮುಖ ತಿರುಗಿಸಿಕೊಂಡು ಹೋಗುತ್ತಾನೆ. ಒಂದು ಕಾಲಕ್ಕೆ ಅದನ್ನು ತಾತ್ಸಾರ ಎಂದುಕೊಂಡು ನೊಂದಿದ್ದೆ.

ಮೊನ್ನೆ ಸಂಜೆ ಪಾರ್ಕಿನಲ್ಲಿ ಬೋಂಡನ ಜೊತೆ ಕೂತಿದ್ದೆ. ಸ್ವಲ್ಪ ದೂರದ ಬೆಂಚಿನಲ್ಲಿ ನನಗೆ ಪರಿಚಯವಿಲ್ಲದ ನಡುವಯಸ್ಸಿನವರೊಬ್ಬರು ಕೂತಿದ್ದರು. ಅವರ ಕಂದು ನಾಯಿ ಅವರ ಹೊಟ್ಟೆಗೆ ಮೂತಿಯಿಟ್ಟು ಅಲುಗದೆ ನಿಂತಿತ್ತು. ಇದ್ದಕ್ಕಿದ್ದಂತೆ ಅವರ ಜೇಬಿನಿಂದ ಅಕ್ಕನ ದನಿ ಬಂತು. "ನಾಯಿನಂಟರ ದಯವಿಟ್ಟು ಗಮನಕ್ಕೆ."

ಬೋಂಡನ ಕಿವಿ ನೆಟ್ಟಗಾಯಿತು. ಮರುಕ್ಷಣ ಸರಪಳಿಯನ್ನು ನನ್ನ ಕೈಯಿಂದ ಕಿತ್ತುಕೊಂಡು ಓಡಿದ. ಆ ಬೆಂಚಿನ ಕೆಳಗೆ ನೋಡಿದ, ಹಿಂದೆ ನೋಡಿದ, ಸುತ್ತು ಹಾಕಿದ, ಬಾಲ ಬೀಸುತ್ತಾ ಮತ್ತೆ ಸುತ್ತು ಹಾಕಿದ. ಅಕ್ಕ ವಿಷಾದಿಸಿ ಸುಮ್ಮನಾದಳು. ಅವನು ಅಲ್ಲೇ ನಿಂತು, ಇನ್ನೂ ಬರುವವರಿದ್ದಾರೆ ಎನ್ನುವ ಹಾಗೆ ಆ ಜೇಬನ್ನೇ ನೋಡತೊಡಗಿದ. ನಾನೂ ಅವನ ಹಿಂದೆ ಬೆಂಚಿನ ಹತ್ತಿರ ಹೋಗಿ ನನ್ನ ಫೋನು ತೆಗೆದು ನೋಡಿದೆ. ಬೋಂಡನ ಹೆಸರಿನ ಮುಂದೆ ಬೂದು ವೃತ್ತ. ತಿಳಿಯದು.

ಆ ಮನುಷ್ಯರ ಮುಖದಲ್ಲಿ ರಕ್ತವಿರಲಿಲ್ಲ. ಫೋನನ್ನು ಎರಡೂ ಕೈಯಲ್ಲಿ ಹಿಡಿದು, "ಇದೇನ್ ಸಾರ್ ಹೀಗೆ ಹೇಳ್ತಿದೆ? ಇದು ಯಾರು?" ಎಂದು ನನ್ನನ್ನು ಕೇಳಿದರು.

"ನಮ್ಮಕ್ಕ," ಎಂದು ಅವರ ಪಕ್ಕದಲ್ಲಿ ಕೂತೆ. "ಅವಳು ಹೇಳಿದ ಹಾಗೆ ಮಾಡಿ. ನಾಳೆ ಬೆಳಿಗ್ಗೆ ನಾನೇ ಜೊತೆಗೆ ಬರ್ತೀನಿ."